ಪೆಟ್ಟು ತಿನ್ನದವನ ಟಿಕೆಟ್

ಶನಿವಾರ ಸಂಜೆ ಐದು ಗಂಟೆ ಮೂವತ್ತೈದು ನಿಮಿಷ. ವೆರ್ನಾ ಹುದಾಕ್ ಅಗ್ನಿಶಾಮಕ ದಳದ ಸಭಾಂಗಣದ ಅಡುಗೆಮನೆಯಲ್ಲಿ ನಿಂತು ಎಲೆಕೋಸು ಹೆಚ್ಚುತ್ತಿದ್ದಳು. ಅವಳ ಬೆನ್ನ ಹಿಂದೆ, ಊಟ ಕೊಡುವ ಕಿಟಕಿಯ ಆಚೆ, ಆ ದಿನದ ಮೊದಲ ಬಾಕ್ಸಿಂಗ್ ಪಂದ್ಯ ನಡೆಯುತ್ತಿತ್ತು. ಕಣದಲ್ಲಿ ಇಬ್ಬರು ಬಾಕ್ಸರುಗಳು ಮತ್ತು ರೆಫರಿ; ಕೆಳಗೆ ಅಂಕ ಹಾಕುವ ಮೂವರು, ಒಬ್ಬ ಡಾಕ್ಟರು. ಉಳಿದದ್ದು ನಾನೂರು ಖಾಲಿ ಕುರ್ಚಿ. ಜನರಿಗೆ ಬಾಗಿಲು ತೆಗೆಯುವುದು ಆರು ಗಂಟೆಗೆ.

“ನಿನ್ನ ಹುಡುಗ ಹೇಗೆ ಆಡ್ತಿದಾನೆ?” ಎಂದೆ. ನನ್ನ ಪಾಲಿಗೆ ಈರುಳ್ಳಿ ಬಂದಿತ್ತು.

“ನನ್ನ ಹುಡುಗ ಯಾಕಾಗ್ತಾನೆ? ನನ್ನ ಬಾಡಿಗೆದಾರ. ನೋಡೋರನ್ನ ಕೇಳು.”

“ನೋಡೋರೇ ಇಲ್ವಲ್ಲ.”

“ಕುರ್ಚಿಗಳಿವೆಯಲ್ಲ. ಈ ಊರಿನ ಜನಕ್ಕಿಂತ ಅವಕ್ಕೆ ಬುದ್ಧಿ ಜಾಸ್ತಿ. ಅವು ಕೊನೇವರೆಗೂ ಬಾಯಿ ಮುಚ್ಕೊಂಡು ನೋಡ್ತವೆ.”

ಅವಳು ಹಿಂತಿರುಗಿ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ಎದುರಿಗಿದ್ದ ದೊಡ್ಡ ಫ್ರಿಜ್ಜಿನ ಉಕ್ಕಿನ ಬಾಗಿಲಲ್ಲಿ ಇಡೀ ಕಣ ಕಾಣುತ್ತಿತ್ತು. ಸುತ್ತು ನಡೆಯುವಾಗ ಅವಳ ಚಾಕು ನಿಧಾನವಾಗುತ್ತಿತ್ತು. ಗಂಟೆ ಬಡಿದೊಡನೆ ಮತ್ತೆ ಚುರುಕಾಗುತ್ತಿತ್ತು.

ನಮ್ಮದು ಪೆನ್ಸಿಲ್ವೇನಿಯಾದ ಒಂದು ಕಲ್ಲಿದ್ದಲ ಕಣಿವೆ. ಕಲ್ಲಿದ್ದಲು ಗಂಡಸರನ್ನು ಮುಗಿಸಿ ತಾನೂ ಮುಗಿಯಿತು. ಆಮೇಲೆ ಬಂದ ಗಾರ್ಮೆಂಟ್ಸ್ ಹೆಂಗಸರ ಬೆನ್ನು ಸೊಂಟಗಳನ್ನು ಮುಗಿಸಿ ಬೇರೆ ದೇಶಕ್ಕೆ ಹೋಯಿತು. ವೆರ್ನಾ ಅಲ್ಲಿ ಇಪ್ಪತ್ತಾರು ವರ್ಷ ತೋಳು ಜೋಡಿಸಿದವಳು. ಅಂಗಿ ಪೂರ್ತಿ ಹೊಲಿದದ್ದು ಒಂದೂ ಇಲ್ಲ, ಬರೀ ತೋಳು. ಗಂಡ ಸತ್ತ ಮೇಲೆ ಮನೆಯ ಮಹಡಿಯನ್ನು ನನಗೆ ಬಾಡಿಗೆಗೆ ಕೊಟ್ಟಳು, ಹಿಂಕೋಣೆಯನ್ನು ಲೂ ಬೆವಿಲಾಕ್ವಾನ ಬಾಕ್ಸರುಗಳಿಗೆ. ಲೂ ಎರಡು ತಿಂಗಳಿಗೊಮ್ಮೆ ಆ ಸಭಾಂಗಣದಲ್ಲಿ ಪಂದ್ಯ ಏರ್ಪಡಿಸುವವನು. ನ್ಯೂಯಾರ್ಕಿನ ಯಾವನೋ ಮ್ಯಾನೇಜರು ದೂರದ ದೇಶಗಳಿಂದ ಹುಡುಗರನ್ನು ಕರೆಸಿ, ಅಮೆರಿಕ ಅಭ್ಯಾಸವಾಗಲಿ ಎಂದು ಲೂ ಹತ್ತಿರ ಕಳಿಸುತ್ತಿದ್ದ. ಲೂ ವೆರ್ನಾ ಹತ್ತಿರ ಕಳಿಸುತ್ತಿದ್ದ.

ಹಾಗೆ ಹಿಂಕೋಣೆಗೆ ಬಂದು ಹೋದವರು ಒಂಬತ್ತು ಮಂದಿ. ಕ್ಯಾಮರೂನಿನವನೊಬ್ಬನಿದ್ದ, ಕ್ಯೂಬಾದವನೊಬ್ಬ, ಉಕ್ರೇನಿನ ಅಣ್ಣತಮ್ಮಂದಿರು. ಅವರಲ್ಲಿ ಹೆಚ್ಚಿನವರು ನಮ್ಮ ಊರಿನ ಹುಡುಗರನ್ನು ಒಂದೇ ಕೈಯಲ್ಲಿ ಮಲಗಿಸಬಲ್ಲವರು. ಒಬ್ಬರೂ ನಿಲ್ಲಲಿಲ್ಲ. ಒಬ್ಬನನ್ನು ಬಿಟ್ಟರೆ ಯಾರೂ ಸೋತು ಹೋಗಲಿಲ್ಲ, ಗೆದ್ದು ಗೆದ್ದು ಹೋದರು. ಈ ದೇಶದಲ್ಲಿ ಬಾಕ್ಸರನಿಗೆ ಮುಷ್ಟಿ ಇದ್ದರೆ ಸಾಲದು, ಅತ್ತೆಯಂದಿರು ಇರಬೇಕು. ಲೂ ಒಂದು ಕಟ್ಟು ಟಿಕೆಟ್ ಕೈಗಿಡುತ್ತಾನೆ, ಮಾರಿ ಬರಬೇಕು. ಊರ ಹುಡುಗನಿಗೆ ಅತ್ತೆ, ಚಿಕ್ಕಪ್ಪ, ಚರ್ಚು, ಶಾಲೆಯ ಫುಟ್‌ಬಾಲ್ ತಂಡ ಎಲ್ಲ ಇರುತ್ತದೆ. ಕಡಲು ದಾಟಿ ಬಂದವನಿಗೆ ಯಾರಿದ್ದಾರೆ? ಮಾರದವನ ಪಂದ್ಯ ಐದೂವರೆಗೆ, ಬಾಗಿಲು ತೆಗೆಯುವ ಮೊದಲು. ನೋಡದವನನ್ನು ಜನ ಮೆಚ್ಚುವುದು ಹೇಗೆ? ಮೆಚ್ಚದವನ ಟಿಕೆಟ್ ಮಾರುವುದು ಹೇಗೆ? ಚಕ್ರ ಸರಿಯಾಗಿ ಸುತ್ತುತ್ತದೆ, ಎಣ್ಣೆ ಹಾಕುವುದೇ ಬೇಡ.

ಒಂಬತ್ತರಲ್ಲಿ ಒಬ್ಬನೇ ಜನಪ್ರಿಯನಾದ. ಅವನು ಐರ್ಲೆಂಡಿನವನು. ಅವನಿಗೆ ಬಾಕ್ಸಿಂಗ್ ಒಂದು ಬಿಟ್ಟು ಎಲ್ಲ ಬರುತ್ತಿತ್ತು. ಆದರೂ ಊರಿನ ಅರ್ಧ ಜನ, ತಮ್ಮ ಮುತ್ತಜ್ಜಿ ಆಲೂಗಡ್ಡೆಯ ಬರಗಾಲದಲ್ಲಿ ಅದೇ ಜಿಲ್ಲೆಯಿಂದ ಬಂದವಳೆಂದು ಹೇಳಿಕೊಂಡು, ಆ ದೇಶದ ಹಸಿರು ಟೋಪಿ ಹಾಕಿ ಬಂದರು. ಅವನು ಪ್ರತಿ ಸಲ ನೆಲಕ್ಕೆ ಬಿದ್ದ, ಪ್ರತಿ ಸಲ ಇವರು ಎದ್ದು ನಿಂತರು.

“ಮುತ್ತಜ್ಜಿ ಬಂದಿದ್ದು ಆಲೂಗಡ್ಡೆ ಇಲ್ದೆ, ಇವರು ಬಂದಿದ್ದು ತಲೇನೇ ಇಲ್ದೆ,” ಎಂದಿದ್ದಳು ವೆರ್ನಾ.

ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ನಮ್ಮ ಕಣಿವೆಯಲ್ಲಿ ನಡೆಯುವುದಿಲ್ಲ. ಇಲ್ಲಿ ಹಿತ್ತಲ ಗಿಡ ಒಂದೇ ಮದ್ದು, ವಿಷವಾದರೂ. ಸಾಕ್ಷಿಗೆ ವೆರ್ನಾಳ ಗಂಡನ ತಮ್ಮನ ಮಗ ಕೋರಿ ಹುದಾಕ್ ಇದ್ದ. ಹಿಟ್ಟಿನ ಮೂಟೆಯ ಮೈಕಟ್ಟು, ಮೂಟೆಯದೇ ಚುರುಕು. ಅವನ ಮುಖಕ್ಕೆ ಗುರಿಯಿಡುವುದು ಬೇಡ, ಕೈ ಚಾಚಿದರೆ ಮುಖವೇ ಬಂದು ತಗಲುತ್ತಿತ್ತು. ಅವನ ಪಂದ್ಯವೇ ಯಾವಾಗಲೂ ಕೊನೆಯದು, ದೊಡ್ಡದು. ಮೂಗು ಮುರಿದಾಗ ಊರು ಅವನಿಗಾಗಿ ಸಹಾಯದ ಊಟ ಏರ್ಪಡಿಸಿತು. ಇದು ನಮ್ಮ ಕಣಿವೆಯ ಪದ್ಧತಿ: ಯಾರಿಗಾದರೂ ಕೇಡಾದರೆ ಸಭಾಂಗಣದಲ್ಲಿ ಊಟ, ಉಡುಗೊರೆ ಬುಟ್ಟಿಗಳ ಲಾಟರಿ, ಎಲ್ಲರ ಕಣ್ಣಲ್ಲಿ ನೀರು. ಒಂದು ಸಲ ಅಂಥ ಊಟ ಆಯಿತೆಂದರೆ ಅವನು ಊರಿನವನು. ಕೋರಿಗೆ ಮೂರು ಸಲ ಆಗಿತ್ತು.

ಈಗ ಐದೂವರೆಯ ಕಣದಲ್ಲಿದ್ದವನು ಹತ್ತನೆಯವನು. ಒಡಿಲ್‌ಜೋನ್ ಮಿರ್ಜಾಯೆವ್, ಉಜ್ಬೇಕಿಸ್ತಾನದ ಅಂಡಿಜಾನಿನವನು, ಇಪ್ಪತ್ತನಾಲ್ಕು ವರ್ಷ. ಮನೆಯಲ್ಲಿ ಒಡಿಲ್. ಅವನ ಕಸುಬೇ ಪೆಟ್ಟು ತಿನ್ನದಿರುವುದು. ಎದುರಾಳಿಯ ಮುಷ್ಟಿ ಬರುವ ಜಾಗದಲ್ಲಿ ಅವನ ಗಲ್ಲ ಇರುತ್ತಿರಲಿಲ್ಲ. ಹಾಗೆಂದು ದೂರವೂ ಹೋಗಿರುತ್ತಿರಲಿಲ್ಲ. ಎರಡು ಬೆರಳಿನಷ್ಟು ಮಾತ್ರ, ಅದಕ್ಕಿಂತ ಹೆಚ್ಚು ಸರಿಯುವುದು ದುಂದು ಎಂಬಂತೆ. ಅವನು ವೆರ್ನಾಳನ್ನು ‘ಖೋಲಾ’ ಎನ್ನುತ್ತಿದ್ದ. ಅವರ ಭಾಷೆಯಲ್ಲಿ ತಾಯಿಯ ತಂಗಿ.

“ನಾನ್ಯಾಕೋ ನಿನ್ನ ಚಿಕ್ಕಮ್ಮ? ನಾನು ಮನೆ ಓನರ್ ಕಣೋ,” ಎಂದು ಅವಳು ಬೈದಷ್ಟೂ ಅವನು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ, “ಸರಿ, ಖೋಲಾ,” ಎನ್ನುತ್ತಿದ್ದ.

ಆ ಶನಿವಾರ ಅವನು ಗೆದ್ದು ಕೈಪಟ್ಟಿ ಬಿಚ್ಚುತ್ತ ಅಡುಗೆಮನೆಗೆ ಬಂದ. ಲೂ ಹಿಂದೆಯೇ ಬಂದ.

“ಮಗಾ, ನೀನು ಆಡೋದು ಚಂದ. ಆದ್ರೆ ಚಂದಕ್ಕೆ ಕುರ್ಚಿ ತುಂಬಲ್ಲ. ಮುಂದಿನ ಪಂದ್ಯ ಈಸ್ಟರ್ ಹಿಂದಿನ ವಾರ. ನೂರು ಟಿಕೆಟ್ ಮಾರು. ಆಗ್ಲಿಲ್ಲ ಅಂದ್ರೆ ನ್ಯೂಯಾರ್ಕಿನೋರು ನಿನ್ನ ವಾಪಸ್ ಕಳಿಸ್ತಾರೆ, ನನ್ನ ಕೈಲಿ ಏನಿಲ್ಲ.”

ಒಡಿಲ್ ವೆರ್ನಾ ಕಡೆ ನೋಡಿದ.

“ನನ್ನ ಮುಖ ಏನು ನೋಡ್ತೀಯಾ? ಹಾಸಿಗೆ ಕೊಡ್ತೀನಿ, ಸೂಪ್ ಕೊಡ್ತೀನಿ. ಬಾಡಿಗೆದಾರರ ಟಿಕೆಟ್ ಮಾರಲ್ಲ. ಒಂಬತ್ತು ಜನಕ್ಕೂ ಮಾರಿಲ್ಲ. ಹೋಗೋರ ಜೊತೆ ನೆಂಟಸ್ತಿಕೆ ಬೆಳೆಸೋದು ಮೂರ್ಖತನ.”

ಅವನು ತಾನೇ ಮನೆಮನೆಗೆ ಹೋದ. ಬಾಗಿಲು ತೆರೆದವರೆಲ್ಲ ನಕ್ಕರು, ಒಳ್ಳೆಯದಾಗಲಿ ಎಂದರು, ಚಳಿಯಲ್ಲಿ ಟೋಪಿ ಹಾಕ್ಕೋ ಎಂದು ಬುದ್ಧಿ ಹೇಳಿದರು, ಬಾಗಿಲು ಹಾಕಿಕೊಂಡರು. ನಮ್ಮವರು ಮರ್ಯಾದಸ್ಥರು, ಯಾರನ್ನೂ ಒದ್ದು ಓಡಿಸುವುದಿಲ್ಲ, ಹಾರೈಸಿ ಕಳಿಸುತ್ತಾರೆ. ಮೂರು ವಾರ ಕಳೆದರೂ ಕಟ್ಟು ಹಾಗೇ ಇತ್ತು.

ಒಂದು ಬುಧವಾರ ಬೆಳಿಗ್ಗೆ ಅವನು ತನ್ನ ಶೂಗಳನ್ನು ತೊಳೆದು ಒಲೆಯ ಪಕ್ಕ ಒಣಗಲು ಇಟ್ಟಿದ್ದ. ಹೊರಡುವವರೆಲ್ಲ ಮೊದಲು ಶೂ ತೊಳೆಯುತ್ತಿದ್ದರು. ವೆರ್ನಾ ಅದನ್ನು ನೋಡಿ, “ಏಳೋ, ಕೋಟು ಹಾಕ್ಕೋ. ಚರ್ಚಿಗೆ ಹೋಗೋಣ,” ಎಂದಳು.

“ನಾನು ಮುಸಲ್ಮಾನ, ಖೋಲಾ.”

“ದೇವರ ಹತ್ರ ಅಲ್ವೋ, ದೇವರಿಗಿಂತ ದೊಡ್ಡೋರ ಹತ್ರ.”

ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ ಪ್ರತಿ ಬುಧವಾರ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಸೇರಿ ಪಿರೋಹಿ ಮಾಡುತ್ತಾರೆ. ಆಲೂಗಡ್ಡೆ, ಚೀಸ್ ತುಂಬಿದ ಕಡುಬು. ಶುಕ್ರವಾರ ಮಾರಾಟ. ಕಣಿವೆಯಲ್ಲಿ ಯಾರು ಕೌನ್ಸಿಲಿಗೆ ಆರಿಸಿ ಬರಬೇಕು, ಯಾರ ಮಗಳ ಮದುವೆಗೆ ಯಾರು ಹೋಗಬಾರದು, ಯಾವ ಬಾಕ್ಸರನ ಟಿಕೆಟ್ ಓಡಬೇಕು, ಎಲ್ಲ ಆ ಕಡುಬು ಮಡಿಸುವ ಮೇಜಿನಲ್ಲೇ ತೀರ್ಮಾನ. ಮೇಜಿನ ತಲೆಯಲ್ಲಿ ಇರ್ಮಾ ಸಾಬೋಲ್ ಕೂರುತ್ತಾಳೆ. ಅವಳ ಪಕ್ಕದಲ್ಲಿ ಪೌಲಿನ್, ಇರ್ಮಾ ಹೇಳಿದ್ದನ್ನು ಎರಡನೇ ಸಲ ಹೇಳುವುದು ಅವಳ ಕೆಲಸ.

ಒಡಿಲ್ ಕೈ ತೊಳೆದು ಕೂತ. ಮಡಿಕೆ ಹಾಕುವುದು ಅವನಿಗೆ ಬೇಗ ಬಂತು. ಅವರಲ್ಲೂ ಅಂಥದ್ದು ಮಾಡುತ್ತಾರಂತೆ. ಆದರೆ ಆ ಮೇಜಿನಲ್ಲಿ ಕಡುಬು ನೆಪ. ಇರ್ಮಾ ತನ್ನ ಪಿತ್ತಕೋಶದ ಸಮಾಚಾರ ಹೇಳಿದಳು. ಪೌಲಿನ್ ತಂಗಿಯ ಮೊಣಕಾಲಿನದ್ದು ಹೇಳಿದಳು. ಆಮೇಲೆ ಎಲ್ಲರೂ ಅವನ ಕಡೆ ತಿರುಗಿದರು. ಅವನ ಸರದಿ.

“ಮನೇಲಿ ಅಮ್ಮ ಹೇಗಿದಾರಪ್ಪ?” ಎಂದಳು ಇರ್ಮಾ.

ಒಡಿಲ್ ಹಿಟ್ಟಿನ ಕೈಯನ್ನೇ ಎದೆಗಿಟ್ಟ. “ಧನ್ಯವಾದ. ಎಲ್ಲ ಚೆನ್ನಾಗಿದೆ.”

“ಅಪ್ಪ?”

“ಧನ್ಯವಾದ. ಎಲ್ಲ ಚೆನ್ನಾಗಿದೆ. ನಿಮ್ಮ ಮನೆಯಲ್ಲಿ?”

“ನಮ್ಮದು ಆಯ್ತಲ್ಲ ಈಗ. ಊರಲ್ಲಿ ಯುದ್ಧ ಗಿದ್ಧ ಏನಾದ್ರೂ?” ಇರ್ಮಾಳ ದನಿಯಲ್ಲಿ ಆಸೆಯಿತ್ತು.

“ಇಲ್ಲ.”

“ಭೂಕಂಪ?”

“ಈಗ ಇಲ್ಲ.”

“ನಿಂಗೇ ಮೈಯಲ್ಲಿ ಏನಾದ್ರೂ ತೊಂದರೆ? ಬಾಕ್ಸಿಂಗಲ್ಲಿ ತಲೆಗಿಲೆಗೆ?”

“ಇಲ್ಲ. ಯಾರೂ ನನಗೆ ಸರಿಯಾಗಿ ಹೊಡೆದಿಲ್ಲ,” ಎಂದ, ಸಮಾಧಾನ ಹೇಳುವಂತೆ.

ಇರ್ಮಾ ಪೌಲಿನ್ ಕಡೆ ನೋಡಿದಳು. “ಒಳ್ಳೇದಪ್ಪ. ಪುಣ್ಯವಂತ.”

“ಪುಣ್ಯವಂತ,” ಎಂದಳು ಪೌಲಿನ್.

ಅಲ್ಲಿಗೆ ಮುಗಿಯಿತು. ಮಾತು ಮತ್ತೆ ಪಿತ್ತಕೋಶಕ್ಕೆ ಹೋಯಿತು. ಟಿಕೆಟ್ ಕಟ್ಟು ವೆರ್ನಾಳ ಚೀಲದಿಂದ ಹೊರಗೇ ಬರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಅವಳು ಬೈಯಲು ಶುರು ಮಾಡಿದಳು. ನಾನು ಹಿಂದಿನ ಸೀಟಿನಲ್ಲಿ ಹಿಟ್ಟಿನ ಚೀಲದ ಪಕ್ಕ ಇದ್ದೆ.

“ಎಲ್ಲ ಚೆನ್ನಾಗಿದೆಯಂತೆ! ಎಲ್ಲ ಚೆನ್ನಾಗಿರೋನಿಗೆ ಟಿಕೆಟ್ ಯಾವನು ತಗೋತಾನೋ? ಒಬ್ಬ ಸತ್ತ ಮಾವ ಕೂಡ ಇಲ್ವಾ ನಿಂಗೆ? ಅಷ್ಟು ದೊಡ್ಡ ದೇಶದಲ್ಲಿ ಒಂದು ಕಾಯಿಲೆ ಹುಟ್ಟಲ್ವಾ? ಆ ಇರ್ಮಾ ಕಣ್ಣೀರು ರೆಡಿ ಇಟ್ಕೊಂಡು ಕೂತಿದ್ಲು. ಒಂದು ಕೆಮ್ಮು ಹೇಳಿದ್ರೂ ಸಾಕಿತ್ತು.”

“ಖೋಲಾ, ನಮ್ಮಲ್ಲಿ ಯಾರಾದರೂ ಕೇಳಿದರೆ ಚೆನ್ನಾಗಿದೆ ಅಂತಲೇ ಹೇಳಬೇಕು. ಮೊದಲ ಸಲ ನೋಡಿದವರ ಮಡಿಲಿಗೆ ನಮ್ಮ ದುಃಖ ಸುರಿಯಬಾರದು. ಅದು ಮರ್ಯಾದೆ ಅಲ್ಲ.”

“ಹಾಗಾದ್ರೆ ಸುರಿಯೋಕೆ ಏನೋ ಇದೆ.”

ಅವನು ಕಿಟಕಿಯಾಚೆ ನೋಡಿದ. “ಅಪ್ಪ ತೀರಿಕೊಂಡರು. ಅಕ್ಟೋಬರಿನಲ್ಲಿ. ಮರುದಿನ ಇಲ್ಲಿ ಪಂದ್ಯ ಇತ್ತು. ನಾನು ಊರಿಗೆ ಹೋಗಲಿಲ್ಲ.”

ವೆರ್ನಾ ಕಾರನ್ನು ಮುಚ್ಚಿದ ಬ್ಯಾಂಕಿನ ಮುಂದೆ ನಿಲ್ಲಿಸಿದಳು. ಆ ಅಕ್ಟೋಬರ್ ಅವಳಿಗೂ ನೆನಪಿತ್ತು, ನನಗೂ. ಐದೂವರೆಯ ಪಂದ್ಯ ಗೆದ್ದು ಮನೆಗೆ ಬಂದು ಎಂದಿನಂತೆ ಪಾತ್ರೆ ತೊಳೆದಿದ್ದ. ತಟ್ಟೆಗಳನ್ನು ಎರಡು ಸಲ ತೊಳೆದನೆಂದು ಅವಳು ಗೇಲಿ ಮಾಡಿದ್ದಳು.

“ಇದನ್ನ ಆ ಮೇಜಿನ ಮೇಲೆ ಇಟ್ಟಿದ್ರೆ ಮುನ್ನೂರು ಟಿಕೆಟ್ ಹೋಗೋದು ಕಣೋ,” ಎಂದಳು. ಈಗ ಬೈಯುವ ದನಿಯಲ್ಲ.

“ಇರಬಹುದು. ನಾನು ಇಡೋದಿಲ್ಲ. ನೀವೂ ಇಡಬೇಡಿ.”

“ನಾನ್ಯಾಕೆ ಇಡ್ಲಿ? ನನ್ನಪ್ಪನಾ?” ಎಂದಳು. ಅವಳು ಮಾತು ಕೊಡುವ ರೀತಿಯೇ ಹಾಗೆ.

ಮುಂದಿನ ಬುಧವಾರ ಅವಳು ಒಡಿಲ್‌ನನ್ನು ಮನೆಯಲ್ಲೇ ಬಿಟ್ಟು ಬಂದಳು. ಆಲೂಗಡ್ಡೆಯ ಪಾತ್ರೆ ಹೊತ್ತು ತರುವುದು ನನ್ನ ಕೆಲಸವಾದ್ದರಿಂದ ಮುಂದಿನದಕ್ಕೆ ನಾನು ಸಾಕ್ಷಿ.

ವೆರ್ನಾಳ ಎಡಸೊಂಟದ ಕೀಲು ಎಂದೋ ಸವೆದುಹೋಗಿತ್ತು. ಹೊಲಿಗೆ ಯಂತ್ರದ ಪೆಡಲು ಒತ್ತಿ ಒತ್ತಿ ಬಂದದ್ದು. ಮಹಡಿಯಲ್ಲಿದ್ದ ನನಗೆ ಅವಳ ಹೆಜ್ಜೆ ಕೇಳಿಸುತ್ತಿತ್ತು: ಒಂದು ಗಟ್ಟಿ, ಒಂದು ಮೆತ್ತಗೆ. ಕೇಳಿದರೆ, “ನೆಲ ಸೊಟ್ಟಗಿದೆ,” ಎನ್ನುತ್ತಿದ್ದಳು. ಇಡೀ ಕಣಿವೆಯಲ್ಲಿ ತನ್ನ ನೋವು ಹೇಳಿಕೊಳ್ಳದ ಹೆಂಗಸು ಅವಳೊಬ್ಬಳೇ, ಅದೇ ಅವಳ ಆಸ್ತಿ. ಸಹಾಯದ ಊಟಗಳನ್ನು ‘ಗೋಳಿನ ಜಾತ್ರೆ’ ಎಂದು ಮೂಗು ಮುರಿಯುತ್ತಲೇ ಎಲ್ಲಕ್ಕೂ ಅಡುಗೆ ಮಾಡಿದವಳು.

ಆ ಬುಧವಾರ ಅವಳು ಹಿಟ್ಟಿನ ಮೇಲೆ ಕೈಯಿಟ್ಟು, “ಇರ್ಮಾ, ನನ್ನ ಸೊಂಟ ಹೋಯ್ತು,” ಎಂದಳು.

ಮೇಜಿನ ಸುತ್ತ ಕೈಗಳೆಲ್ಲ ನಿಂತವು.

“ಏನಂದೆ? ಯಾವಾಗಿಂದ?”

“ಏಳು ವರ್ಷ ಆಯ್ತು.”

“ಏಳು ವರ್ಷ! ಅಯ್ಯೋ ವೆರ್ನಾ, ಒಂದು ಮಾತು ಹೇಳ್ಲಿಲ್ವಲ್ಲೇ!” ಇರ್ಮಾಳ ಕಣ್ಣು ತುಂಬಿತು. ಮುಖ ಅರಳಿತು. ನಲವತ್ತು ವರ್ಷದಿಂದ ಬೀಗ ಹಾಕಿದ ಮನೆಯ ಬಾಗಿಲು ತೆರೆದಂತಾಗಿತ್ತು ಅವಳಿಗೆ.

“ರಾತ್ರಿ ಮಗ್ಗುಲು ಬದಲಾಯಿಸೋಕಾಗಲ್ಲ. ಬಟ್ಟೆ ಬುಟ್ಟಿ ಕೆಳಗಿಂದ ತರೋನು ಆ ಹುಡುಗ. ಬಾಗಿಲ ಹಿಮ ಎತ್ತೋನು ಅವನು. ಅವನು ಹೋದ್ರೆ…” ಎಂದು ನಿಲ್ಲಿಸಿದಳು. ಅರ್ಧಕ್ಕೆ ಬಿಟ್ಟ ಮಾತಿನ ಬಲ ಅವಳಿಗೆ ಗೊತ್ತಿತ್ತು. ಆ ಮೇಜಿನಲ್ಲಿ ಅದನ್ನು ಎಷ್ಟು ಸಲ ಕೇಳಿದ್ದಳೋ.

“ಅವನು ಯಾಕೆ ಹೋಗ್ತಾನೆ?”

“ಟಿಕೆಟ್ ಹೋಗ್ಲಿಲ್ಲ ಅಂದ್ರೆ ಕಳಿಸಿಬಿಡ್ತಾನೆ ಲೂ.”

“ತೆಗಿ ಹೊರಗೆ ಟಿಕೆಟ್,” ಎಂದಳು ಇರ್ಮಾ.

“ತೆಗಿ,” ಎಂದಳು ಪೌಲಿನ್.

ಶುಕ್ರವಾರದ ಕಡುಬಿನ ಸಾಲು ಕರಗುವ ಹೊತ್ತಿಗೆ ನೂರ ಮೂವತ್ತೇಳು ಟಿಕೆಟ್ ಹೋಗಿದ್ದವು. ಲೂ ಇನ್ನೊಂದು ಕಟ್ಟು ಕಳಿಸಬೇಕಾಯಿತು. ಪ್ರತಿ ಟಿಕೆಟ್ಟಿಗೂ ವೆರ್ನಾ ತನ್ನ ಸೊಂಟದ ಕತೆ ಮೊದಲಿಂದ ಹೇಳಿದಳು.

“ಹೇಗಿತ್ತು?” ಎಂದೆ ಕಾರಿನಲ್ಲಿ.

“ಒಳಬಟ್ಟೇನ ಬೀದಿ ಮಧ್ಯ ಒಣಹಾಕಿ, ಪಕ್ಕದಲ್ಲಿ ನಿಂತು ನಮಸ್ಕಾರ ಹೇಳಿದ ಹಾಗಿತ್ತು.” ಸ್ವಲ್ಪ ದೂರ ಹೋದ ಮೇಲೆ, “ಅವನಿಗೆ ಹೇಳ್ಬೇಡ. ಅವನ ಬಾಕ್ಸಿಂಗಿಗೇ ಜನ ಬರ್ತಿದಾರೆ ಅಂದ್ಕೊಳ್ಲಿ,” ಎಂದಳು.

ಪಂದ್ಯದ ದಿನ ಲೂ ಒಡಿಲ್‌ಗೆ ಏಳೂವರೆಯ ಜಾಗ ಕೊಟ್ಟ, ತುಂಬಿದ ಸಭಾಂಗಣ. ವೆರ್ನಾ ಅಡುಗೆಮನೆಯನ್ನು ಬೇರೆಯವರಿಗೆ ಒಪ್ಪಿಸಿ, ಇದ್ದ ಒಂದೇ ಒಳ್ಳೆಯ ಕೋಟು ಹಾಕಿ, ಮುಂಬಾಗಿಲಿನಿಂದ ಬಂದಳು. ಟಿಕೆಟ್ ಮೇಜಿನಲ್ಲಿದ್ದವನು ನಕ್ಕ.

“ನಿಂಗ್ಯಾಕೆ ಟಿಕೆಟ್ಟು, ವೆರ್ನಾ? ಅಡುಗೆಮನೆ ಬಾಗಿಲು ಆ ಕಡೆ.”

“ಎಲ್ಲಿದೆ ಅಂತ ಗೊತ್ತು. ಒಂದು ಕೊಡು, ಒಡಿಲ್ ಲೆಕ್ಕಕ್ಕೆ. ಕಣ ಸರಿಯಾಗಿ ಕಾಣೋ ಕಡೆ.”

ಎರಡನೇ ಸಾಲಿನಲ್ಲಿ ಕೂತಳು. ಅಷ್ಟು ವರ್ಷಗಳಲ್ಲಿ ಆ ಸಭಾಂಗಣದ ಕುರ್ಚಿಯ ಮೇಲೆ ಅವಳು ಕೂತದ್ದು ಅದೇ ಮೊದಲು.

ಎದುರಾಳಿ ಓಹಾಯೋದವನು, ಗಟ್ಟಿಗ. ಮೊದಲ ಸುತ್ತಿನಲ್ಲಿ ಅವನು ಬೀಸಿದ್ದೆಲ್ಲ ಗಾಳಿಗೆ ಹೋಯಿತು. ಮೂರನೆಯದರಲ್ಲಿ ಅವನು ಬೀಸುವ ಮುಂಚೆಯೇ ಒಡಿಲ್‌ನ ಎಡಗೈ ಅಲ್ಲಿರುತ್ತಿತ್ತು, ಬಾಗಿಲು ತಟ್ಟಿ ಬರುವ ನೆಂಟನ ಹಾಗೆ, ಮೆಲ್ಲಗೆ, ತಪ್ಪದೆ. ಐದನೆಯದರಲ್ಲಿ ಓಹಾಯೋದವನು ಬೀಸುವುದನ್ನೇ ಬಿಟ್ಟ. ಯಾವ ಕಡೆಯಿಂದ ಶುರು ಮಾಡಬೇಕೆಂದು ತಿಳಿಯದವನಂತೆ ನಿಂತ. ಎಂಟು ಸುತ್ತಿನಲ್ಲಿ ಒಂದು ಹನಿ ರಕ್ತ ಬೀಳಲಿಲ್ಲ. ನಾನು ಅಷ್ಟು ಸ್ವಚ್ಛವಾದ ಕೆಲಸವನ್ನು ಮತ್ತೆಲ್ಲೂ ಕಂಡಿಲ್ಲ.

ಕಂಡವರು ಬೇರೆ ಯಾರು ಎಂದು ನೋಡಲು ಸುತ್ತ ತಿರುಗಿದೆ. ಜನ ವೆರ್ನಾಳನ್ನು ನೋಡುತ್ತಿದ್ದರು. ಅವಳು ಸರಿದು ಕೂತರೆ ‘ಅಯ್ಯೋ’ ಎನ್ನುತ್ತಿದ್ದರು. ನಡುವೆ ಹಿಂದಿನಿಂದ ಒಬ್ಬ, “ಹೊಡಿಯೋ ಯಾರಾದ್ರೂ! ಡ್ಯಾನ್ಸ್ ನೋಡೋಕೆ ಬಂದಿದೀವಾ?” ಎಂದು ಕೂಗಿದ. ಇರ್ಮಾ ದಿಂಬು ಹಿಡಿದು ಸಾಲಿನೊಳಗೆ ನುಗ್ಗಿ ಬಂದಳು.

“ವೆರ್ನಾ, ಸೊಂಟದ ಕೆಳಗೆ ಇಟ್ಕೊ. ಮಾತ್ರೆ ತಗೊಂಡ್ಯಾ?”

“ಅಡ್ಡ ಬರಬೇಡ ಇರ್ಮಾ, ಕಾಣ್ತಿಲ್ಲ.”

“ಏನು ಕಾಣ್ತಿಲ್ಲ?”

“ಬಾಕ್ಸಿಂಗ್!”

“ಅದು ಇರುತ್ತೆ ಬಿಡು,” ಎಂದು ಇರ್ಮಾ ಅಲ್ಲೇ ನಿಂತು ದಿಂಬು ಸರಿ ಮಾಡಿದಳು. ಏಳನೇ ಸುತ್ತಿನ ಅರ್ಧ ಇರ್ಮಾಳ ಬೆನ್ನ ಹಿಂದೆಯೇ ಕಳೆಯಿತು.

ಒಡಿಲ್ ಗೆದ್ದನೆಂದು ಸಾರಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಎರಡನೇ ಸಾಲಿನ ಕಡೆ ತಿರುಗಿ. “ನಿಂಗೆ ಒಳ್ಳೇದಾಯ್ತು ವೆರ್ನಾ!” ಅವನು ಕಣದಲ್ಲಿ ಎದೆಯ ಮೇಲೆ ಕೈಯಿಟ್ಟು ನಾಲ್ಕೂ ದಿಕ್ಕಿಗೆ ಬಾಗಿದ. ನಾಲ್ಕೂ ದಿಕ್ಕಿನಲ್ಲಿ ಅವನಿಗೆ ಕಂಡದ್ದು ಜನರ ಕಿವಿಗಳು.

ಆಮೇಲೆ ಕೋರಿ ಬಂದ. ಎರಡನೇ ಸುತ್ತಿಗೆ ಹುಬ್ಬು ಒಡೆಯಿತು, ನಾಲ್ಕಕ್ಕೆ ಸೋತ. ಸಭಾಂಗಣ ಎದ್ದು ನಿಂತು ಅತ್ತಿತು. ಮುಂದಿನ ಊಟದ ದಿನಾಂಕವನ್ನು ಅಲ್ಲೇ ಸಾರಿದರು.

ಹೊರಗೆ ಒಡಿಲ್ ಚೀಲ ಹೊತ್ತು ನಿಂತಿದ್ದ. ಹೆಂಗಸರು ಸಾಲಾಗಿ ಬಂದು ವೆರ್ನಾಳ ಕೈ ಹಿಡಿಯುತ್ತಿದ್ದರು. ನಾಳೆ ಊಟ ತಂದುಕೊಡುತ್ತೇನೆ, ನಾಡಿದ್ದು ನಾನು, ಎಂದು ದಿನ ಹಂಚಿಕೊಳ್ಳುತ್ತಿದ್ದರು. ಒಬ್ಬಳು ಅವನ ತೋಳು ತಟ್ಟಿ, “ಅವಳನ್ನ ಚೆನ್ನಾಗಿ ನೋಡ್ಕೊಳಪ್ಪ, ಅದಕ್ಕೇ ಬಂದಿದ್ದು ನಾವು,” ಎಂದಳು.

ಕಾರಿನಲ್ಲಿ ಅವನು ಕೇಳಿದ: “ಖೋಲಾ, ನಿಮ್ಮ ಸೊಂಟ ನಿಜವಾಗಿ ನೋವಾ?”

“ನಿಜ.”

“ನನಗೆ ಹೇಳಲಿಲ್ಲ. ಇವರಿಗೆ ಹೇಳಿದಿರಿ.”

ಅವಳು ಕಾರು ಶುರು ಮಾಡಿದಳು.

“ಅಪ್ಪನನ್ನು ಮಾರಬೇಡಿ ಅಂದೆ. ನೀವು ನಿಮ್ಮನ್ನೇ ಮಾರಿದಿರಿ. ನಾನು ಕೃತಜ್ಞ. ಆದರೆ ಖೋಲಾ, ನಾನು ಹನ್ನೊಂದು ವಯಸ್ಸಿನಿಂದ ಕಣದಲ್ಲಿ ಕಾಲು ಇಡೋದು ಕಲಿತಿದ್ದೇನೆ. ಇವತ್ತು ನನ್ನ ಕಾಲು ಯಾರೂ ನೋಡಲಿಲ್ಲ. ನಾಳೆ ಲೂ ಬಂದಾಗ ಅವರಿಗೆ ನಿಜ ಹೇಳಿ. ಸುಳ್ಳಿನ ಮೇಲೆ ನಿಂತರೆ ನನಗೆ ಕಾಲು ಬರೋದಿಲ್ಲ.”

ಭಾನುವಾರ ಬೆಳಿಗ್ಗೆ ಲೂ ಡೋನಟ್ ಡಬ್ಬಿಯೊಂದಿಗೆ ಬಂದ. ನಾವು ಮೂವರೂ ಅಡುಗೆಮನೆಯಲ್ಲಿದ್ದೆವು. ಒಡಿಲ್ ಹಾಲಿಲ್ಲದ ಚಹಾ ಹಿಡಿದು ತೊಟ್ಟಿಯ ಪಕ್ಕ ನಿಂತಿದ್ದ.

“ನೂರ ಮೂವತ್ತೆಂಟು ಸೀಟು! ಕೋರಿ ಆದ್ಮೇಲೆ ಇವನೇ. ಜೂನಿಗೆ ಇವನ ಹೆಸರು ಪೋಸ್ಟರ್ ಮೇಲೆ, ಕೊನೇ ಪಂದ್ಯ. ನ್ಯೂಯಾರ್ಕಿನೋರಿಗೆ ಇವತ್ತೇ ಫೋನ್ ಮಾಡ್ತೀನಿ, ಎರಡು ವರ್ಷ ಇರ್ಲಿ ಅಂತ,” ಎಂದ ಲೂ. ಆಮೇಲೆ, ಇಷ್ಟು ವರ್ಷ ಜನರನ್ನು ಎಣಿಸಿದವನಾದ್ದರಿಂದ, ದನಿ ಇಳಿಸಿ ಕೇಳಿದ: “ವೆರ್ನಾ, ನಿನ್ನ ಸೊಂಟದ ಕತೆ ನಂಗೂ ಬಂತು. ನಂಗೆ ಒಂದು ಹೇಳ್ಬಿಡು. ಅದರಲ್ಲಿ ಇವನ ಬಾಕ್ಸಿಂಗ್ ನೋಡೋಕೇ ಅಂತ ಹೋಗಿದ್ದು ಎಷ್ಟು ಟಿಕೆಟ್ಟು? ಐವತ್ತು ಅನ್ನು, ಸಾಕು. ನಲವತ್ತು ಅನ್ನು. ನಾನು ಪ್ರಶ್ನೆ ಮಾಡಲ್ಲ.”

ವೆರ್ನಾ ಒಡಿಲ್ ಕಡೆ ನೋಡಿದಳು. ಅವನು ಲೋಟದೊಳಗೆ ನೋಡುತ್ತಿದ್ದ. ಅವಳು ಸಂಖ್ಯೆ ಹೇಳಿದಳು. ಲೂ ಟೋಪಿ ಎತ್ತಿಕೊಂಡು ಹೋದ. ಒಡಿಲ್ ಲೋಟ ತೊಳೆದಿಟ್ಟು, ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಶೂ ತೊಳೆಯಲು ಹೋದ.

ಅವನು ಆ ವಾರವೇ ಹೊರಟ. ಕೆಲವು ವರ್ಷ ಜರ್ಮನಿಯಲ್ಲಿ ಆಡಿದ. ಅಲ್ಲಿ ಅವನ ಪಂದ್ಯಕ್ಕೆ ಜನ ಬಂದು ಕೂತು ನೋಡಿದರೆಂದು ಕೇಳಿದ್ದೇವೆ. ಈಗ ಅಂಡಿಜಾನಿನಲ್ಲಿ ಹುಡುಗರಿಗೆ ಕಾಲು ಇಡುವುದನ್ನು ಕಲಿಸುತ್ತಾನೆ. ಪ್ರತಿ ಶರತ್ಕಾಲಕ್ಕೆ ಒಂದು ಡಬ್ಬಿ ಒಣ ಜರದಾಳು ಬರುತ್ತದೆ. “ಹಲ್ಲಿಗೆ ಅಂಟುತ್ತೆ, ಯಾವನಿಗೆ ಬೇಕು,” ಎಂದು ಬೈದು ವೆರ್ನಾ ಅದನ್ನು ಯಾರಿಗೂ ಕೊಡದೆ ತಾನೇ ತಿನ್ನುತ್ತಾಳೆ. ಕೋರಿಯ ಹೆಸರನ್ನು ಸಭಾಂಗಣದ ಬಾರಿನ ಮೇಲೆ ಹಿತ್ತಾಳೆಯಲ್ಲಿ ಬರೆಸಿ ಹಾಕಿದ್ದಾರೆ. ಹಿಂಕೋಣೆಗೆ ಹನ್ನೊಂದನೆಯವನು ಬರಲಿಲ್ಲ. ವೆರ್ನಾ ಅಲ್ಲಿ ಹೊಲಿಗೆ ಯಂತ್ರ ಇಟ್ಟಳು.

ಊರು ಮಾತ್ರ ಅವಳನ್ನು ಬಿಡಲಿಲ್ಲ. ನೋವು ಬಾಯಿಂದ ಬಂದಾಗಿತ್ತು. ಮೊದಲು ಮನೆ ಬಾಗಿಲಿಗೆ ತಟ್ಟೆ ತಟ್ಟೆ ಎಲೆಕೋಸಿನ ನೂಡಲ್ಸ್ ಬಂದವು, ಅವಳದೇ ಅಡುಗೆ, ಅವಳಿಗಿಂತ ಕೆಟ್ಟದಾಗಿ. ಆಮೇಲೆ, ಸೊಂಟದ ಆಪರೇಷನ್ನಿಗೆ ಮುಂಚೆ, ಸಹಾಯದ ಊಟ. ಬೇಡವೆಂದರೂ ಮಾಡಿದರು. ಅವಳು ಮೇಜಿನ ತಲೆಯಲ್ಲಿ, ಕೊರಳಿಗೆ ಕಾಗದದ ಹೂ ಹಾಕಿಸಿಕೊಂಡು, ಶಿಕ್ಷೆ ಕೇಳುತ್ತಿರುವ ಕೈದಿಯ ಹಾಗೆ ಕೂತಿದ್ದಳು.

“ಆ ಹುಡುಗ ಇದ್ದಿದ್ರೆ ಈಗ ಒಂದು ಆಸರೆ ಆಗ್ತಿತ್ತು,” ಎಂದಳು ಇರ್ಮಾ. “ನಾವು ಅಷ್ಟು ಟಿಕೆಟ್ ತಗೊಂಡ್ವಿ. ಲೂಗೆ ಏನೋ ಹೇಳಿ ನೀನೇ ಕೆಡಿಸಿದ್ಯಂತೆ?”

“ಲೂ ಕೇಳಿದ, ಹೇಳ್ದೆ. ಹುಡುಗ ಎದುರಿಗೇ ನಿಂತಿದ್ದ. ಅವನ ಮುಂದೆ ಸುಳ್ಳು ಹೇಳೋಕೆ ನನ್ನ ಬಾಯಿ ಏಳ್ಲಿಲ್ಲ.”

“ಏನು ಕೇಳಿದ?” ಎಂದಳು ಪೌಲಿನ್. ಅವಳು ತಾನಾಗಿ ಪ್ರಶ್ನೆ ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ನೂರ ಮೂವತ್ತೆಂಟರಲ್ಲಿ ಬಾಕ್ಸಿಂಗ್ ನೋಡೋಕೇ ಅಂತ ತಗೊಂಡಿದ್ದು ಎಷ್ಟು ಟಿಕೆಟ್ಟು ಅಂತ.”

“ಎಷ್ಟು ಅಂದೆ?”

ವೆರ್ನಾ ಕಾಗದದ ಹೂವನ್ನು ಕೊರಳಿಂದ ತೆಗೆದು ತಟ್ಟೆಯ ಪಕ್ಕ ಇಟ್ಟಳು.

“ಒಂದು.”